ಮಗುಚಿದ ಕೈಗವಸು

ಮಾರ್ಚ್ 4, ಸೋಮವಾರ
ಉಗ್ರಾಣ, ಊಟದ ಬಿಡುವು

ತಮ್ಮನಿಗೆ,

ಶುಕ್ರವಾರ ಶಿಳ್ಳೆಯ ಬಲಗೈಗೆ ಆಸಿಡ್ ತಗುಲಿದೆ. ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವನು ನಿನ್ನ ಗೆಳೆಯ, ಅವನನ್ನು ಈ ಕಾರ್ಖಾನೆಗೆ ಕರೆತಂದವನೂ ನೀನು. ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ಬರೆಯುತ್ತಿದ್ದೇನೆ. ನೀನು ಇಲ್ಲಿಂದ ಹೋಗಿ ಮೂರು ವರ್ಷ. ನಿನಗೂ ನಿನ್ನ ಭಾವನಿಗೂ ಮಾತು ನಿಂತೂ ಅಷ್ಟೇ ಆಯಿತು. ಅದನ್ನು ಈ ಪತ್ರಕ್ಕೆ ತರುವುದಿಲ್ಲ.

ಆದದ್ದು ಇಷ್ಟು. ಅವನು ನಾಲ್ಕು ಗಂಟೆಯವರೆಗೆ ಎರಡನೆಯ ಆಸಿಡ್ ತೊಟ್ಟಿಯಲ್ಲಿ ಗಾಜು ಅದ್ದುತ್ತಿದ್ದ. ಇಟ್ಟ ಅಡ್ಡಹೆಸರಿಗೆ ತಕ್ಕಂತೆ, ಎಂದಿನಂತೆ ಮುಖಕವಚದ ಒಳಗೇ ಶಿಳ್ಳೆ ಹಾಕುತ್ತಿದ್ದನಂತೆ. ಕೈ ತೊಳೆದು ಮನೆಗೆ ಹೋದ. ಸಂಜೆ ಬೆರಳ ತುದಿಗಳು ನೋಯತೊಡಗಿದವು. ಬೆಳಿಗ್ಗೆ ಬಾಗಿಲಿಗೆ ಸಿಕ್ಕಿಸಿಕೊಂಡಿದ್ದೆನಲ್ಲ, ಅದೇ ಇರಬೇಕು ಎಂದುಕೊಂಡು ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಿದ್ದಾನೆ. ಶನಿವಾರ ಬೆಳಿಗ್ಗೆ ಹೆಂಡತಿ ಗೇಟಿಗೆ ಕರೆತಂದಾಗ ಮೂರು ಉಗುರುಗಳ ಕೆಳಗೆ ಸುಣ್ಣದಂತೆ ಬೆಳ್ಳಗಾಗಿತ್ತು. ನಿನ್ನ ಭಾವ ನೋಡಿದ ತಕ್ಷಣ ಕ್ಯಾಲ್ಸಿಯಂ ಮುಲಾಮು ಹಚ್ಚಿ ವ್ಯಾನಿನಲ್ಲಿ ಕಳಿಸಿದರು. ಅಷ್ಟರಲ್ಲಿ ಹದಿನಾರು ಗಂಟೆ ಕಳೆದಿತ್ತು.

ಅವನು ಕೈಗವಸು ಹಾಕಿರಲಿಲ್ಲ ಎಂದು ಮ್ಯಾನೇಜರು ವರದಿ ಬರೆದಿದ್ದಾರೆ. ಹಾಕಿದ್ದ. ಬೆಳಿಗ್ಗೆ ಏಳಕ್ಕೆ ಈ ಕಿಟಕಿಯಿಂದ ಕೊಟ್ಟವಳು ನಾನೇ. ಆ ಗವಸನ್ನು ಹುಡುಕಿ ತಂದು, ನೀರು ತುಂಬಿಸಿ ಹಿಂಡಿ ನೋಡಿದೆ. ಮಗುಚಿದ ಗವಸು, ಆದರೆ ಎಲ್ಲೂ ತೂತಿಲ್ಲ, ಒಂದು ಹನಿ ಸೋರಲಿಲ್ಲ. ಆಸಿಡ್ ಎಲ್ಲಿಂದ ಹೋಯಿತೋ ನನಗೆ ತಿಳಿಯುತ್ತಿಲ್ಲ.

ಇಂತಿ,
ನಿನ್ನ ಅಕ್ಕ


ಮಾರ್ಚ್ 11

ಅಕ್ಕನಿಗೆ,

ಆಸ್ಪತ್ರೆಗೆ ಫೋನ್ ಮಾಡಿದ್ದೆ. ಅವನೇ ಎತ್ತಿಕೊಂಡ. “ನೀನೇನೋ ನೀರು ಶುದ್ಧ ಮಾಡೋ ಕಡೆ ಹೋಗಿ ಬಚಾವಾದೆ, ನನ್ನ ಕೈ ಸುಣ್ಣ ಬಳಿಸಿಕೊಂಡು ಕೂತಿದೆ” ಎಂದು ನಕ್ಕ. ಆಮೇಲೆ ನೋವಿನ ಮಾತ್ರೆ ಕೊಡುವ ಹೊತ್ತಾಯಿತೆಂದು ಇಟ್ಟುಬಿಟ್ಟ. ಅಂಥ ಹೊತ್ತೇನೂ ಆಗಿರಲಿಲ್ಲ ಅನ್ನಿಸುತ್ತದೆ.

ಒಂದು ವಿಷಯ ಅರ್ಥವಾಗಲಿಲ್ಲ. ಮಗುಚಿದ ಗವಸು ಎಂದರೇನು? ನಾನಿದ್ದಾಗ ಅಂಥದ್ದು ಇರಲಿಲ್ಲ.

ತಮ್ಮ


ಮಾರ್ಚ್ 17, ಭಾನುವಾರ

ತಮ್ಮನಿಗೆ,

ನಿನಗೆ ಬರೆದಿರಲಿಲ್ಲವೇ? ಬರೆದಿದ್ದೇನೆಂದೇ ತಿಳಿದಿದ್ದೆ. ಆಗ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ.

ತೊಟ್ಟಿಯಿಂದ ಗಾಜನ್ನು ಎತ್ತುವಾಗ ತಂತಿಯ ತಟ್ಟೆಯ ಭಾರವೆಲ್ಲ ಬಲಗೈ ಮೇಲೆ ಬೀಳುವುದು ನಿನಗೆ ಗೊತ್ತು. ಬಲಗೈ ಗವಸು ಮೂರು ವಾರಕ್ಕೆ ಸವೆಯುತ್ತದೆ, ಎಡಗೈಯದು ಮೂರು ತಿಂಗಳಾದರೂ ಗಟ್ಟಿಯಾಗಿರುತ್ತದೆ. ಗವಸುಗಳು ಬರುವುದು ಜೋಡಿಯಾಗಿ. ಹೀಗಾಗಿ ಉಗ್ರಾಣದ ಕಪಾಟಿನಲ್ಲಿ ತೊಟ್ಟಿಯಿಂದ ವಾಪಸಾದ ಎಡಗೈಗಳೇ ರಾಶಿ ಬಿದ್ದವು. ಜನವರಿಯಲ್ಲಿ ಎಣಿಸಿದಾಗ ಇನ್ನೂರ ಹದಿನಾಲ್ಕು ಎಡಗೈ, ಒಂದೂ ಬಲಗೈ ಇರಲಿಲ್ಲ. ಹೊಸದಕ್ಕೆ ಬರೆದರೆ ಹೆಡ್ ಆಫೀಸಿನಿಂದ ಉತ್ತರ ಬಂತು: ನಿಮ್ಮ ಪುಸ್ತಕದಲ್ಲಿ ಇನ್ನೂರ ಹದಿನಾಲ್ಕು ಗವಸು ಬಾಕಿ ಇವೆ, ಮುಗಿದ ಮೇಲೆ ಬರೆಯಿರಿ. ಪುಸ್ತಕದಲ್ಲಿ ಎಡ ಬಲ ಅಂತ ಇಲ್ಲ.

ಒಂದು ಸಂಜೆ ಬಟ್ಟೆ ಮಡಿಸುವಾಗ ಕಾಲುಚೀಲ ಮಗುಚಿಕೊಂಡದ್ದು ಕಂಡಿತು. ಮರುದಿನ ಒಂದು ಎಡಗೈ ಗವಸನ್ನು ಒಳಗಿನದು ಹೊರಗೆ ಬರುವಂತೆ ಮಗುಚಿ ಬಲಗೈಗೆ ಹಾಕಿಕೊಂಡೆ. ಅಳತೆ ತೆಗೆದಂತೆ ಕೂತಿತು. ಸಲಹೆಯ ಚೀಟಿ ಬರೆದು ಮ್ಯಾನೇಜರ ಪೆಟ್ಟಿಗೆಗೆ ಹಾಕಿದೆ. “ನಮ್ಮ ಇಂಜಿನಿಯರುಗಳಿಗೆ ಹೊಳೀದೇ ಇದ್ದದ್ದು ನಿಮಗೆ ಹೊಳೀತಲ್ಲಮ್ಮ” ಎಂದು ಎಲ್ಲರೆದುರು ಹೇಳಿ ಒಂದು ಫ್ಲಾಸ್ಕ್ ಕೊಟ್ಟರು. ಕೆಲಸದವರಿಗೂ ಇಷ್ಟವಾಯಿತು. ಒಳಗಡೆಯ ಹತ್ತಿಯ ನೂಲು ಹೊರಗೆ ಬರುವುದರಿಂದ ಒದ್ದೆ ಗಾಜು ಜಾರುವುದಿಲ್ಲ. ಶಿಳ್ಳೆಯಂತೂ, “ಅಕ್ಕನ ಕೈಗೆ ಸಿಕ್ಕಿದ್ರೆ ಎಡವಟ್ಟನೂ ಸರಿಹೋಗ್ತಾನೆ, ಎಲ್ಲಿ ನಮ್ಮ ಮೇಸ್ತ್ರಿನ ಒಂದ್ಸಲ ಮಗುಚಿ ನೋಡಿ” ಎಂದು ನಿನ್ನ ಭಾವನ ಮುಂದೆಯೇ ಅಂದ. ಅವರೂ ನಕ್ಕರು. ಅವರು ನಕ್ಕದ್ದನ್ನು ನೀನು ಹೆಚ್ಚು ನೋಡಿಲ್ಲ.

ಮಗುಚಿದ ಗವಸು ಅಂದರೆ ಇದು. ಶಿಳ್ಳೆಯ ಕೈಗೆ ನಾಳೆ ಏನೋ ಆಪರೇಷನ್ ಇದೆಯಂತೆ.

ನಿನ್ನ ಅಕ್ಕ


ಮಾರ್ಚ್ 23

ಅಕ್ಕ,

ಮಗುಚುವ ಮೊದಲು ಆ ಗವಸಿನ ಹೊರಮೈ ಎಲ್ಲಿತ್ತು?

ತೊಟ್ಟಿಯಲ್ಲಿ. ಮೂರು ತಿಂಗಳು. ನೀನು ಅದನ್ನೇ ಒಳಗೆ ಮಾಡಿ ಅವರ ಬೆರಳಿಗೆ ತೊಡಿಸಿದ್ದೀಯ. ಮೇಲಿಂದ ಎಷ್ಟು ತೊಳೆದರೂ ಬೆರಳ ತುದಿಯ ಮಡಿಕೆಗಳಲ್ಲಿ ಸ್ವಲ್ಪ ಉಳಿಯುತ್ತದೆ. ಒಳಗೆ ಬೆವರು, ಬಿಸಿ, ಎಂಟು ಗಂಟೆ. ಹೊರಗೆ ಬಂದ ಹತ್ತಿ ಆಸಿಡ್ಡನ್ನು ಹೀರಿಕೊಂಡು ತೊಟ್ಟಿಯಿಂದ ಆಚೆಗೂ ಹೊತ್ತು ತರುತ್ತದೆ. ತೂತು ಹುಡುಕಿ ಪ್ರಯೋಜನವಿಲ್ಲ.

ಹೈಡ್ರೋಫ್ಲೋರಿಕ್ ಆಸಿಡ್ ಬೇರೆಯವುಗಳ ಹಾಗೆ ಮುಟ್ಟಿದ ಕೂಡಲೇ ಸುಡುವುದಿಲ್ಲ. ತೆಳುವಾಗಿದ್ದರೆ ಚರ್ಮಕ್ಕೆ ಏನೂ ಗೊತ್ತಾಗುವುದಿಲ್ಲ. ಸದ್ದಿಲ್ಲದೆ ಒಳಗಿಳಿದು ಮೂಳೆಯ ಸುಣ್ಣವನ್ನು ತಿನ್ನುತ್ತದೆ. ನೋವು ಬರುವ ಹೊತ್ತಿಗೆ ಮನುಷ್ಯ ಮನೆಯಲ್ಲಿರುತ್ತಾನೆ. ಇದು ತೊಟ್ಟಿ ಕೋಣೆಯ ಗೋಡೆಯ ಮೇಲೆ ಅಂಟಿಸಿತ್ತು. ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಬೇಕು ಎಂದೇ ನಾನು ಭಾವನ ಹತ್ತಿರ ಜಗಳ ಆಡಿದ್ದು. ಓದು ಬರುವವರು ಓದಿಕೊಳ್ಳಲಿ ಅಂದಿದ್ದರು.

ಈಗ ಎಷ್ಟು ಜನ ಅದನ್ನು ಹಾಕುತ್ತಿದ್ದಾರೆ?

ತಮ್ಮ


ಏಪ್ರಿಲ್ 7, ಭಾನುವಾರ

ತಮ್ಮನಿಗೆ,

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಹನ್ನೊಂದು ಜನ ಹಾಕುತ್ತಿದ್ದಾರೆ, ನಿನ್ನ ಭಾವನೂ ಸೇರಿ.

ಶಿಳ್ಳೆಯ ಮೂರು ಬೆರಳುಗಳನ್ನು ಮೊದಲ ಗೆಣ್ಣಿನವರೆಗೆ ತೆಗೆದಿದ್ದಾರೆ.

ನೀನು ಹೇಳಿದ್ದು ಸುಳ್ಳಾಗಲಿ ಎಂದುಕೊಂಡು, ಚರಂಡಿ ನೀರು ಪರೀಕ್ಷೆ ಮಾಡುವ ಬಣ್ಣದ ಕಾಗದದ ಪಟ್ಟಿಗಳನ್ನು ತಂದೆ. ತೊಳೆದು ಒಣಗಿಸಿಟ್ಟ ಗವಸುಗಳಲ್ಲಿ ಹತ್ತನ್ನು ಆರಿಸಿ, ಒದ್ದೆ ಮಾಡಿದ ಪಟ್ಟಿಯನ್ನು ಒಂದೊಂದು ಬೆರಳಿನೊಳಗೂ ಕಡ್ಡಿಯಿಂದ ತುರುಕಿ ತೆಗೆದೆ. ಆರು ಗವಸುಗಳಲ್ಲಿ ಏನೂ ಆಗಲಿಲ್ಲ. ನಾಲ್ಕರಲ್ಲಿ ಆಸಿಡ್ ತಗುಲಿ ಪಟ್ಟಿಯ ತುದಿ ಕೆಂಪಾಯಿತು. ಪಟ್ಟಿಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ.

“ಇದೇನು?” ಅಂದರು ನಿನ್ನ ಭಾವ.

ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ ನೋಡಿದರು.

“ಮೂರು ನೀರಲ್ಲಿ ತೊಳೆಸ್ತೀನಲ್ಲೇ ನಾನು.”

“ತೊಳೆದ ಮೇಲಿಂದೇ ಇದು.”

“ನಿಂಗೆ ಯಾರು ಹೇಳಿದ್ದು? ಅವನಾ?”

ಹೌದು ಅಂದೆ. ಕನ್ನಡಕ ತೆಗೆದಿಟ್ಟರು. ಆಮೇಲೆ ಪಟ್ಟಿಗಳನ್ನು ಕೂಡಿಸಿ ಒಲೆಗೆ ಹಾಕಿ, “ನಾಳೆ ಮ್ಯಾನೇಜರ ಹತ್ರ ಮಾತಾಡ್ತೀನಿ” ಅಂದರು. ಅವರು ಕೆಟ್ಟವರಲ್ಲ. ಮಾತಾಡಿದರು, ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಮ್ಯಾನೇಜರು ಬಾಗಿಲು ಹಾಕಿಸಿ ಹೇಳಿದ್ದು ಇದು. ತನಿಖಾಧಿಕಾರಿ ಬರುವುದು ಬಾಕಿ ಇದೆ. ಈಗ ಬಲಗೈ ಗವಸುಗಳನ್ನು ಮಾತ್ರ ತರಿಸಿದರೆ, ಇಷ್ಟು ದಿನ ಬಲಗೈಗೆ ಏನು ಹಾಕುತ್ತಿದ್ದರು ಎಂದು ಕೇಳುತ್ತಾರೆ. ಜೋಡಿ ತರಿಸೋಣವೆಂದರೆ ಪುಸ್ತಕದಲ್ಲಿ ಇನ್ನೂ ನೂರೆಪ್ಪತ್ತು ಬಾಕಿ ಇದೆ. ಅವನ್ನು ತೆಗೆದುಹಾಕಲು ಕಾರಣ ಬರೆಯಬೇಕು. ಕಾರಣ ಬರೆದರೆ ಅದಕ್ಕೆ ಸಹಿ ನನ್ನದು. ಕೊನೆಗೆ ಮೆಲ್ಲಗೆ, “ಆ ಸಲಹೆ ಚೀಟಿ ನಿಮ್ಮ ಅಕ್ಷರದಲ್ಲೇ ಇದೆಯಲ್ಲಮ್ಮ, ನಾನು ಜೋಪಾನವಾಗಿ ಇಟ್ಟಿದ್ದೀನಿ” ಅಂದರು. ಹೆದರಿಸಿದ್ದೋ ಸಮಾಧಾನ ಮಾಡಿದ್ದೋ ತಿಳಿಯಲಿಲ್ಲ. ಟೀ ತರಿಸಿಕೊಟ್ಟರು. ಕುಡಿದೆವು.

ಅಂದರೆ ನಾನು ಆ ಗವಸುಗಳನ್ನು ಕೊಡುವುದು ನಿಲ್ಲಿಸಿದರೆ, ಕೊಡುತ್ತಿದ್ದೆ ಎಂದು ಒಪ್ಪಿಕೊಂಡಂತಾಗುತ್ತದೆ. ಹಾಗಾಗಿ ಕೊಡುತ್ತಿದ್ದೇನೆ.

ನಿನ್ನ ಅಕ್ಕ


ಏಪ್ರಿಲ್ 14

ಅಕ್ಕನಿಗೆ,

ತನಿಖಾಧಿಕಾರಿಗೆ ನಾನು ಬರೆಯಬಲ್ಲೆ. ವಿಳಾಸ ನನ್ನ ಹತ್ತಿರ ಇದೆ. ಆದರೆ ಗವಸುಗಳನ್ನು ಮಗುಚಲು ಹೇಳಿದ್ದು ಯಾರು, ಒಪ್ಪಿದ್ದು ಯಾರು, ಹಂಚಿದ್ದು ಯಾರು ಎಂದು ಬರೆಯದೆ ಆ ಪತ್ರಕ್ಕೆ ಅರ್ಥ ಬರುವುದಿಲ್ಲ. ಮೂರು ಸಲ ಬರೆದು ಹರಿದೆ. ಮೂರರಲ್ಲೂ ನಿನ್ನ ಹೆಸರು ಎರಡನೆಯ ಸಾಲಿಗೇ ಬಂತು.

ನೀನು ಹೂಂ ಅಂದರೆ ಕಳಿಸುತ್ತೇನೆ. ಅನ್ನದಿದ್ದರೆ ಇಲ್ಲ. ನಿರ್ಧಾರವನ್ನು ನಿನ್ನ ತಲೆಗೆ ಕಟ್ಟಿ ನಾನು ದೂರ ಕೂತಿದ್ದೇನೆ ಎನ್ನುವುದು ನನಗೂ ಗೊತ್ತು. ಅವತ್ತು ಭಾವನ ಹತ್ತಿರ ಜಗಳ ಆಡಿದವನು, ಗೋಡೆಯ ಕಾಗದವನ್ನು ನಾನೇ ಓದಿ ಹೇಳಬಹುದಿತ್ತು. ಹತ್ತು ನಿಮಿಷದ ಕೆಲಸ. ಜಗಳದಲ್ಲಿ ಗೆಲ್ಲಲಿಲ್ಲವೆಂದು ಕೆಲಸ ಬಿಟ್ಟು ಬಸ್ಸು ಹತ್ತಿದೆ. ಶಿಳ್ಳೆಯನ್ನು ಕರೆದುಕೊಂಡು ಹೋಗುವುದು ತಲೆಗೆ ಬರಲಿಲ್ಲ.

ಕಾರ್ಖಾನೆಯ ಮನೆ ಬಿಡಬೇಕಾಗಿ ಬಂದರೆ ಇಬ್ಬರೂ ಇಲ್ಲಿಗೆ ಬನ್ನಿ. ಇರುವುದು ಒಂದೇ ಕೋಣೆ, ಭಾವನಿಗೂ ನನಗೂ ಅದು ಚಿಕ್ಕದಾಗುತ್ತದೆ. ಆದರೂ ಬನ್ನಿ.

ತಮ್ಮ


ಮೇ 5, ಭಾನುವಾರ

ತಮ್ಮನಿಗೆ,

ತನಿಖಾಧಿಕಾರಿ ಬಂದು ಹೋದರು. ಹಿಂದಿನ ದಿನ ಮ್ಯಾನೇಜರು ಎಲ್ಲಿಂದಲೋ ಹನ್ನೊಂದು ಜೋಡಿ ಹೊಸ ಗವಸು ತಂದು ಕೊಟ್ಟಿದ್ದರು. ಎಲ್ಲರೂ ಹಾಕಿಕೊಂಡು ತೊಟ್ಟಿಗಳ ಮುಂದೆ ಸಾಲಾಗಿ ನಿಂತರು. ಫೋಟೋ ತೆಗೆದರು. ಅಧಿಕಾರಿ ಕಿಟಕಿಯ ಹತ್ತಿರ ಬಂದು ನನ್ನ ಪುಸ್ತಕ ನೋಡಿ, ಅಕ್ಷರ ಚೆನ್ನಾಗಿದೆ ಅಂದರು. “ದಿನಾ ನೀವೇ ಕೊಡ್ತೀರಾ?” ಎಂದು ಕೇಳಿದರು. ಹೌದು ಅಂದೆ. ಇನ್ನೊಂದು ಪ್ರಶ್ನೆ ಕೇಳುತ್ತಾರೆಂದು ಕಾದೆ. ಅವರಿಗೆ ಬಸ್ಸಿನ ಹೊತ್ತಾಗಿತ್ತು. ಸಂಜೆ ಹನ್ನೊಂದು ಜೋಡಿಯನ್ನೂ ಒರೆಸಿ, ಡಬ್ಬಕ್ಕೆ ಹಾಕಿ, ವಾಪಸು ಕಳಿಸಿದೆವು.

ಮರುದಿನ ಶಿಳ್ಳೆ ಬಂದ. ಗೇಟಿನ ಹತ್ತಿರ ಕಾವಲಿನವನ ಕುರ್ಚಿಯಲ್ಲಿ ಅವನು ಕೂತಿದ್ದನ್ನು ಕಂಡು, ಯಾರಿಗೋ ಕಾಯುತ್ತಿದ್ದಾನೆ ಎಂದುಕೊಂಡೆ. ಕಿಟಕಿಗೆ ಬಂದು ಎಡಗೈಯಿಂದ ಟೋಪಿ ತೆಗೆದ.

“ಅಕ್ಕಾ, ಪ್ರಮೋಷನ್. ಇನ್ಮೇಲೆ ಮ್ಯಾನೇಜರ ಕಾರಿಗೂ ನಾನು ಬಿಟ್ರೇ ಉಂಟು.”

“ಕೈ ಹೇಗಿದೆಯೋ?”

“ಗೇಟು ತೆಗೆಯೋಕೆ ಎಷ್ಟು ಬೆರಳು ಬೇಕು?”

ಆಮೇಲೆ ಮೆಲ್ಲಗೆ ಹೇಳಿದ. ಗವಸು ಹಾಕದೆ ಕೆಲಸ ಮಾಡಿದ್ದು ತನ್ನ ತಪ್ಪು ಎಂದು ಅವನೇ ಬರೆದುಕೊಟ್ಟಿದ್ದಾನೆ. ಎಡಗೈಯಲ್ಲಿ ಸಹಿ. ಅದಕ್ಕೆ ಈ ಕುರ್ಚಿ.

“ಮಗುಚಿದ್ದರಿಂದ ಆಗಿದ್ದು ಅಂತ ನಂಗೆ ಗೊತ್ತು ಅಕ್ಕಾ. ಆಸ್ಪತ್ರೇಲಿದ್ದಾಗ ನಿಮ್ಮ ತಮ್ಮ ಇನ್ನೊಂದ್ಸಲ ಫೋನ್ ಮಾಡಿ ಹೇಳಿದ. ನೀವು ಬೇಕು ಅಂತ ಮಾಡ್ಲಿಲ್ಲ. ಆದ್ರೆ ಈಗ ನೀವು ಬಾಯಿ ಬಿಟ್ರೆ ನನ್ನ ಸಹಿ ಸುಳ್ಳಾಗುತ್ತೆ, ಕುರ್ಚಿನೂ ಹೋಗುತ್ತೆ. ಈ ಕೈಗೆ ಬೇರೆ ಯಾರು ಕೆಲಸ ಕೊಡ್ತಾರೆ ಹೇಳಿ? ನಂಗೋಸ್ಕರ ಸುಮ್ಮನಿರಿ.”

ನಾನು ತಲೆಯಾಡಿಸಿದೆ. ಅವನು ಶಿಳ್ಳೆ ಹಾಕುತ್ತಾ ಗೇಟಿಗೆ ಹೋದ. ಮುಖಕವಚ ಇಲ್ಲದ್ದರಿಂದ ಸ್ವರ ಸ್ಪಷ್ಟವಾಗಿ ಕೇಳಿತು.

ನೋಡು, ನನ್ನಿಂದ ಕೈ ಕಳೆದುಕೊಂಡವನೇ ನನ್ನ ಕೈ ಹಿಡಿದುಕೊಂಡಿದ್ದಾನೆ. ನಿನ್ನ ಭಾವ ನಿವೃತ್ತರಾಗಲು ಹದಿನಾಲ್ಕು ತಿಂಗಳಿದೆ, ಈ ಮನೆಯೂ ಅಷ್ಟೇ ದಿನ ನಮ್ಮದು. ನಾನು ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದು, ನಾಳೆ ಬೆಳಿಗ್ಗೆ ಕಿಟಕಿಗೆ ಬರುವವರನ್ನು ಬಿಟ್ಟು. ದಿನಾ ಸಂಜೆ ಗವಸುಗಳನ್ನು ಮನೆಗೆ ತಂದು ಸೋಡಾ ನೀರಿನಲ್ಲಿ ನೆನೆಹಾಕಿ, ಬೆರಳು ಬೆರಳು ಉಜ್ಜುತ್ತೇನೆ. ಬಚ್ಚಲಿನಲ್ಲಿ ಕಾಲಿಡಲು ಜಾಗವಿಲ್ಲ. ಹಗ್ಗದ ಮೇಲೆ ಹನ್ನೊಂದು ಕೈಗಳು ನೇತಾಡುತ್ತಿರುತ್ತವೆ, ನಿನ್ನ ಭಾವ ಅವುಗಳ ಕೆಳಗೆ ಬಗ್ಗಿ ಓಡಾಡುತ್ತಾರೆ. ಹತ್ತಕ್ಕೆ ನಾಲ್ಕು ಕೆಂಪಾಗುತ್ತಿದ್ದದ್ದು ಈಗ ಹತ್ತಕ್ಕೆ ಒಂದು. ಪಟ್ಟಿಗಳೂ ಮುಗಿಯುತ್ತಾ ಬಂದವು.

ನೀನು ಬರೆಯಬೇಡ.

ನಿನ್ನ ಅಕ್ಕ


ಮೇ 12

ಅಕ್ಕ,

ಬರೆಯುವುದಿಲ್ಲ.

ಆ ಹತ್ತರಲ್ಲಿ ಒಂದನ್ನು ಯಾರಿಗೆ ಕೊಡುತ್ತೀಯ?

ತಮ್ಮ


ಜೂನ್ 9, ಭಾನುವಾರ
ಮನೆ, ಮಧ್ಯಾಹ್ನ ಮೂರು ಗಂಟೆ

ತಮ್ಮನಿಗೆ,

ನಿನ್ನ ಪ್ರಶ್ನೆಗೆ ಅವತ್ತೇ ಉತ್ತರ ಬರೆಯಲು ಕೂತೆ. ಯಾವುದು ಯಾರಿಗೆ ಹೋಗುತ್ತದೋ ನನಗೆ ಹೇಗೆ ಗೊತ್ತಾಗಬೇಕು ಎಂದು ಬರೆದೆ. ಆ ಕಾಗದ ಇನ್ನೂ ಇದೆ, ಕಳಿಸಲಾಗಲಿಲ್ಲ. ಅದು ಸುಳ್ಳು.

ಗೊತ್ತು. ಪಟ್ಟಿಗಳು ಕಡಿಮೆಯಾದ ಮೇಲೆ ಎಲ್ಲ ಗವಸುಗಳನ್ನೂ ನೋಡುವುದು ಬಿಟ್ಟೆ. ದಿನಕ್ಕೆ ಮೂರು ನಾಲ್ಕನ್ನು ಮಾತ್ರ ನೋಡುತ್ತೇನೆ. ನೋಡಿ ಖಾತ್ರಿಯಾದ ಮೊದಲನೆಯದು ನಿನ್ನ ಭಾವನಿಗೆ. ತೊಟ್ಟಿಯವರಲ್ಲಿ ಒಬ್ಬನಿಗೆ ಹೋದ ತಿಂಗಳು ಮಗು ಹುಟ್ಟಿತು, ಎರಡನೆಯದು ಅವನಿಗೆ. ಮೂರನೆಯದು ಅವನ ಪಕ್ಕದವನಿಗೆ, ಏಕೆಂದರೆ ಅವನ ತಾಯಿ ನನಗೆ ಪರಿಚಯ. ಉಳಿದವನ್ನು ಕೈಗೆ ಸಿಕ್ಕಂತೆ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ನಿನ್ನ ಪತ್ರ ಬಂದ ಮೇಲೆ ನನ್ನ ಕೈಯನ್ನೇ ಗಮನಿಸತೊಡಗಿದೆ. ಸಿಕ್ಕಂತೆ ಕೊಡುತ್ತಿರಲಿಲ್ಲ. ಮಡಿಕೆ ಬಿದ್ದದ್ದು, ಬೆರಳ ತುದಿ ಕಂದಿದ್ದು, ನೋಡಿದರೇ ನಂಬಿಕೆ ಬಾರದ್ದನ್ನು ಕೈ ತಾನಾಗಿ ಹಿಂದಕ್ಕೆ ಸರಿಸಿ ಕೊನೆಗೆ ಇಡುತ್ತದೆ. ಸಾಲಿನಲ್ಲಿ ಕೊನೆಗೆ ಬರುವವನು ಡ್ರೈವರ್.

ಅವನನ್ನು ನಿನಗೆ ಗೊತ್ತಿಲ್ಲ. ಶಿಳ್ಳೆಯ ಜಾಗಕ್ಕೆ ಬಂದವನು. ಐವತ್ತು ದಾಟಿದೆ. ಮೊದಲು ಬಸ್ಸು ಓಡಿಸುತ್ತಿದ್ದನಂತೆ, ಕಣ್ಣು ಮಂದವಾಯಿತೆಂದು ತೆಗೆದರು. ಊರಿಗೆ ಹೊಸಬ, ಒಬ್ಬನೇ ಇದ್ದಾನೆ. ಅವನು ನನಗೆ ಯಾರೂ ಅಲ್ಲ. ಅವನಿಗೆ ಕೊಡುತ್ತಿದ್ದದ್ದು ಅದಕ್ಕೇ. ಐದು ವಾರಗಳಿಂದ, ದಿನಾ.

ಮೊನ್ನೆ ಶುಕ್ರವಾರ ಗವಸು ಹಾಕಿಕೊಳ್ಳುತ್ತಾ, “ಬೇರೆ ಕಡೆ ನೀನೇ ತಂದ್ಕೋ ಅಂತಾರಮ್ಮ. ಇಲ್ಲಿ ನೀವು ಒಗೆದು ಒಣಗಿಸಿ ಕೈಗೆ ಕೊಡ್ತೀರಿ. ನನ್ನ ಹೆಂಡತಿ ಇದ್ದಾಗ ಹೀಗೆ ಶರ್ಟು ಕೊಡ್ತಿದ್ಲು” ಅಂದ. ನಾನು ಪುಸ್ತಕ ಅವನ ಕಡೆ ತಿರುಗಿಸಿದೆ. ಸಹಿ ಹಾಕಿದ. “ಬೆರಳು ಸ್ವಲ್ಪ ಜುಮ್ ಅನ್ನುತ್ತೆ, ವಯಸ್ಸು” ಎಂದು ಹೇಳಿ ತೊಟ್ಟಿ ಕೋಣೆಗೆ ನಡೆದ. ನಾನು ಕಿಟಕಿ ಮುಚ್ಚಿದೆ. ಆಮೇಲೆ ಓಡಿಹೋಗಿ ಮುಲಾಮಿನ ಟ್ಯೂಬು ತಂದು, ಅವನನ್ನು ಹೊರಗೆ ಕರೆದು, ನಾನೇ ಹಚ್ಚಿದೆ. ಚರ್ಮ ಒಣಗಿದೆ, ಅದಕ್ಕೆ ಅಂದೆ. ನಂಬಿದ. ಮಧ್ಯಾಹ್ನಕ್ಕೆ ಮತ್ತೆ ಹಚ್ಚಿ ಮನೆಗೆ ಕಳಿಸಿದೆ. ನಿನ್ನೆ ಶನಿವಾರ ಅವನು ಬರಲಿಲ್ಲ. ಸಂಜೆ ವಿಚಾರಿಸಿಕೊಂಡು ಅವನ ಕೋಣೆಗೆ ಹೋದೆ. ಬೆರಳು ಬೆಳ್ಳಗಾಗಿಲ್ಲ. ಬಾಗಿಲಲ್ಲಿ ನಿಂತು ಕೈ ತೋರಿಸಿ, “ನೋಡಿ, ಏನಾಗಿದೆ ಇದಕ್ಕೆ, ಸುಮ್ನೆ ಇಷ್ಟು ದೂರ ಬಂದ್ರಿ” ಎಂದು ನಕ್ಕ. ಇದ್ದ ಒಂದೇ ಕುರ್ಚಿಯನ್ನು ನನ್ನ ಕಡೆ ತಳ್ಳಿದ. ನಾನು ಕೂರಲಿಲ್ಲ. ಡಾಕ್ಟರ ಹತ್ತಿರ ಹೋಗಬೇಕು, ಇದು ಆ ಆಸಿಡ್ಡೇ ಇರಬಹುದು ಎಂದು ಹೇಳಿ, ಆಸ್ಪತ್ರೆಯ ಬಾಗಿಲವರೆಗೆ ಜೊತೆಗೆ ನಡೆದೆ. ಆಸಿಡ್ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಹೇಳಲಿಲ್ಲ. ಅವನೂ ಕೇಳಲಿಲ್ಲ.

ದಾರಿಯಲ್ಲಿ ವಾಪಸು ಬರುವಾಗ ತೀರ್ಮಾನ ಮಾಡಿದೆ. ಅದನ್ನು ನಿನಗೆ ಬರೆದಿಡುತ್ತಿದ್ದೇನೆ. ಬರೆಯದಿದ್ದರೆ ಬೆಳಿಗ್ಗೆಯಷ್ಟರಲ್ಲಿ ನಾನು ಬೇರೆ ಏನಾದರೂ ಕಾರಣ ಹುಡುಕಿಕೊಳ್ಳುತ್ತೇನೆ. ಈ ಮೂರು ತಿಂಗಳಲ್ಲಿ ಆ ಕೆಲಸದಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ.

ನಾಳೆ ಏಳಕ್ಕೆ ಕಿಟಕಿ ತೆರೆಯುತ್ತೇನೆ. ಗವಸು ಕೊಡುವುದಿಲ್ಲ. ಎಲ್ಲರೂ ಬರುವವರೆಗೆ ಕಾದು, ಒಬ್ಬೊಬ್ಬರ ಕಿವಿಯಲ್ಲಲ್ಲ, ಎಲ್ಲರಿಗೂ ಒಟ್ಟಿಗೆ ಹೇಳುತ್ತೇನೆ. ಮಗುಚಿದ್ದು ನನ್ನ ಯೋಚನೆ. ಒಳಗೆ ಏನಿದೆ ಎಂದು ಮಾರ್ಚ್ ತಿಂಗಳಿಂದ ನನಗೆ ಗೊತ್ತು. ಗೊತ್ತಿದ್ದೂ ಕೊಟ್ಟೆ. ಚೆನ್ನಾಗಿದ್ದದ್ದನ್ನು ಮನೆಯವರಿಗೆ ಇಟ್ಟುಕೊಂಡು, ಕೆಟ್ಟದ್ದನ್ನು ಯಾರಿಗೆ ಕೊಟ್ಟೆ ಎಂಬುದನ್ನೂ ಹೇಳುತ್ತೇನೆ. ಅವನು ಅಲ್ಲಿ ಇರಲಿ ಇಲ್ಲದಿರಲಿ. ಇಷ್ಟು ಹೇಳಿದ ಮೇಲೆ ತನಿಖಾಧಿಕಾರಿಗೆ ನಾನೇ ಬರೆಯುತ್ತೇನೆ. ಎರಡನೆಯ ಸಾಲಿನಲ್ಲಿ ನನ್ನ ಹೆಸರು ನಾನೇ ಹಾಕುತ್ತೇನೆ, ನೀನು ಹರಿಯಬೇಕಾಗಿಲ್ಲ.

ಶಿಳ್ಳೆಯ ಕುರ್ಚಿ ಹೋಗುತ್ತದೆ. ಅವನಿಗೆ ತಲೆಯಾಡಿಸಿದ್ದೆ, ಆ ಮಾತು ಮುರಿಯುತ್ತಿದ್ದೇನೆ. ಅವನು ನನ್ನನ್ನು ಮತ್ತೆ ಅಕ್ಕ ಅನ್ನುವುದಿಲ್ಲ.

ಕಿಟಕಿಗೆ ಮೊದಲು ಬಂದು ನಿಲ್ಲುವವರು ಯಾವಾಗಲೂ ನಿನ್ನ ಭಾವ, ಮೇಸ್ತ್ರಿಯಾದ್ದರಿಂದ. ನಾಳೆಯೂ ಅವರೇ ಎದುರಿಗಿರುತ್ತಾರೆ. ಅವರಿಗೆ ಇನ್ನೂ ಹೇಳಿಲ್ಲ. ಇವತ್ತು ಹೇಳುವುದೂ ಇಲ್ಲ. ಹೇಳಿದರೆ ಅವರು ಬೇಡ ಅನ್ನುತ್ತಾರೆ, ನಾನು ಕೇಳುತ್ತೇನೆ.

ಈಗ ಪಕ್ಕದ ಕೋಣೆಯಲ್ಲಿ ನಾಳೆಯ ಶರ್ಟಿಗೆ ಗುಂಡಿ ಹೊಲಿದುಕೊಳ್ಳುತ್ತಿದ್ದಾರೆ. ಸೂಜಿಗೆ ದಾರ ಪೋಣಿಸಿಕೊಡು ಎಂದು ಎರಡು ಸಲ ಕರೆದರು. ಹೋಗಬೇಕು.

ನಿನ್ನ ಅಕ್ಕ